ಎಷ್ಟು ಗಂಟೆಗೆ ಸರಿ ಇದ್ರು?

ಸ್ಟ್ರೋಕ್, ಅಂದ್ರೆ ಲಕ್ವ ಆದವರ ಮನೆಗೆ ನಾನು ಹೋಗುದು ಎಲ್ಲ ಆದ ಮೇಲೆ. ಆಸ್ಪತ್ರೆ ಬಿಲ್ ಕಟ್ಟಿ ಆಗಿರ್ತದೆ, ಡಿಸ್ಚಾರ್ಜ್ ಸಮ್ಮರಿ ಪ್ಲಾಸ್ಟಿಕ್ ಕವರಲ್ಲಿ ಮಡಚಿ ಇಟ್ಟಿರ್ತಾರೆ, ಚಾವಡಿಯಲ್ಲಿ ಒಂದು ಮಂಚ ಹಾಕಿರ್ತಾರೆ. ನಾನು ಫಿಸಿಯೋಥೆರಪಿಸ್ಟ್. ಉಡುಪಿ ಸುತ್ತಮುತ್ತ, ಆಚೆ ಕಟಪಾಡಿ, ಕಾಪು, ಶಿರ್ವ, ಈಚೆ ಬ್ರಹ್ಮಾವರದ ತನಕ ಮನೆಗೇ ಹೋಗಿ ವ್ಯಾಯಾಮ ಮಾಡಿಸ್ತೇನೆ. ಸಮ್ಮರಿ ಕೈಗೆ ಬಂದ ಕೂಡ್ಲೆ ನಾನು ಮೊದಲು ಹುಡುಕುದು ಎರಡು ಸಾಲು, ತೊಂದರೆ ಶುರುವಾದದ್ದು ಎಷ್ಟು ಗಂಟೆಗೆ, ಆಸ್ಪತ್ರೆ ಮುಟ್ಟಿದ್ದು ಎಷ್ಟು ಗಂಟೆಗೆ. ಪ್ರಾಯ, ಬ್ಲಾಕ್ ಆದ ರಕ್ತನಾಳ ಎಷ್ಟು ದೊಡ್ಡದು, ಶುಗರ್ ಎಷ್ಟಿತ್ತು, ಇದೆಲ್ಲ ಲೆಕ್ಕಕ್ಕೆ ಬರ್ತದೆ, ಇಲ್ಲ ಅಂತಲ್ಲ. ಆದ್ರೆ ನಮ್ಮ ಕೈಯಲ್ಲಿ ಇದ್ದದ್ದು ಅಂತ ಒಂದಿದ್ರೆ ಅದು ಆ ಎರಡು ಸಾಲಿನ ಮಧ್ಯದ ಹೊತ್ತು ಮಾತ್ರ, ಮತ್ತೆ ನಮ್ಮ ಊರಲ್ಲಿ ಆ ಹೊತ್ತು ಹೋಗುದು ರಸ್ತೆಯಲ್ಲಿ ಅಲ್ಲ, ಮನೆಯಲ್ಲಿ. ಇದನ್ನು ಹೇಳ್ಲಿಕ್ಕೇ ಈ ಪೋಸ್ಟ್ ಬರಿತಾ ಇದ್ದೇನೆ, ಉದ್ದ ಆಗ್ತದೆ, ದಯವಿಟ್ಟು ಪೂರ್ತಿ ಓದಿ.

ಯಾಕೆ ಹಾಗೆ ಹೇಳುದು ಅಂದ್ರೆ, ದೇಶದ ಎಷ್ಟೋ ಕಡೆ ಜನ ಸಿಟಿ ಸ್ಕ್ಯಾನ್‌ಗೆ ಅರ್ಧ ದಿನದ ದಾರಿ ಹೋಗ್ಬೇಕು. ನಮಗೆ ಮಣಿಪಾಲದಲ್ಲಿ ದೊಡ್ಡ ಆಸ್ಪತ್ರೆ, ಮಂಗಳೂರಲ್ಲಿ ಅತ್ತಾವರ, ಕಂಕನಾಡಿ, ಕುಂಟಿಕಾನ, ದೇರಳಕಟ್ಟೆ ಅಂತ ಒಂದರ ಬೆನ್ನಿಗೆ ಒಂದು ಮೆಡಿಕಲ್ ಕಾಲೇಜು. ಉಡುಪಿಯಿಂದ ಮಣಿಪಾಲಕ್ಕೆ ಹತ್ತು ಹದಿನೈದು ನಿಮಿಷ. ಬೈಂದೂರು, ಹೆಬ್ರಿ, ಬೆಳ್ತಂಗಡಿ, ಸುಳ್ಯದ ಕಡೆಯವರದ್ದು ಬೇರೆ ಕಥೆ, ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಬಂದ್ ಆದ್ರೆ ಅವರ ಕಷ್ಟ ನಮಗೆ ಅರ್ಥ ಆಗ್ಲಿಕ್ಕಿಲ್ಲ. ಆದ್ರೆ ಹೈವೇ ಬದಿಯಲ್ಲೇ ಮನೆ ಇದ್ದು ಆಸ್ಪತ್ರೆಗೆ ಮರುದಿನ ಮುಟ್ಟಿದವರನ್ನು ನಾನು ನೋಡ್ತಾನೇ ಇದ್ದೇನೆ. ಅದು ನನಗೆ ಸಹಿಸ್ಲಿಕ್ಕೆ ಆಗುದಿಲ್ಲ.

ಮೊದಲು ಒಳಗೆ ಎಂತ ಆಗ್ತದೆ ಅಂತ ನೋಡುವ. ಸ್ಟ್ರೋಕ್‌ನಲ್ಲಿ ಎರಡು ಬಗೆ, ರಕ್ತನಾಳ ಒಡೆದು ಮೆದುಳೊಳಗೆ ರಕ್ತ ಸುರಿಯುದು ಒಂದು, ರಕ್ತ ಹೆಪ್ಪುಗಟ್ಟಿ ನಾಳ ಬ್ಲಾಕ್ ಆಗುದು ಇನ್ನೊಂದು. ಹೆಚ್ಚಿನವರಿಗೆ ಆಗುದು ಎರಡನೇದು, ಅದಕ್ಕೆ ಇಸ್ಕೀಮಿಕ್ ಸ್ಟ್ರೋಕ್ ಅಂತಾರೆ, ನಾನೀಗ ಹೇಳುದೂ ಅದರ ವಿಷಯವೇ. ತೋಡಿಗೆ ಕಟ್ಟ ಹಾಕಿದ್ರೆ ಕೆಳಗಿನ ಗದ್ದೆ ಎಲ್ಲ ಒಟ್ಟಿಗೆ ಒಣಗುದಿಲ್ಲ ನೋಡಿ, ನಡುವಿನದ್ದು ಮೊದಲು ಬಿರಿತದೆ, ಅಂಚಿನದ್ದು ಪಕ್ಕದ ಗದ್ದೆಯಿಂದ ಒಸರುವ ನೀರಲ್ಲಿ ಇನ್ನಷ್ಟು ಹೊತ್ತು ಹಸಿರಾಗಿ ನಿಲ್ತದೆ. ಮೆದುಳಲ್ಲೂ ಹಾಗೆ. ನಡುವಿನ ಭಾಗ ನಿಮಿಷಗಳಲ್ಲಿ ಸಾಯ್ತದೆ, ಅದಕ್ಕೆ ಕೋರ್ ಅಂತಾರೆ, ಅದು ತಿರುಗಿ ಬರುದಿಲ್ಲ. ಅದರ ಸುತ್ತ ಇರುದು ಪೆನಂಬ್ರಾ, ಅಂದ್ರೆ ಕೆಲಸ ನಿಲ್ಲಿಸಿದೆ ಆದ್ರೆ ಜೀವ ಹೋಗಿಲ್ಲ. ಕೈ ಎತ್ಲಿಕ್ಕೆ ಆಗುದಿಲ್ಲ ಅಂತ ಕಂಡ್ರೂ ಆ ಕೈ ನಡೆಸುವ ಭಾಗ ಇನ್ನೂ ಬದುಕಿರಬಹುದು. ಎಲ್ಲ ಓಟ ಇರುದು ಆ ಪೆನಂಬ್ರಾ ಉಳಿಸ್ಲಿಕ್ಕೆ. 2006ರಲ್ಲಿ ಅಮೆರಿಕದ ನ್ಯೂರಾಲಜಿಸ್ಟ್ ಜೆಫ್ರಿ ಸೇವರ್ ಲೆಕ್ಕ ಹಾಕಿ ಹೇಳಿದ್ದು, ದೊಡ್ಡ ನಾಳದ ಸ್ಟ್ರೋಕ್‌ನಲ್ಲಿ ಚಿಕಿತ್ಸೆ ಸಿಗದಿದ್ರೆ ಪ್ರತಿ ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶ ಸಾಯ್ತವೆ. ಒಂದು ಗಂಟೆ ತಡ ಮಾಡಿದ್ರೆ ಮೆದುಳಿಗೆ ಸುಮಾರು 3.6 ವರ್ಷ ಪ್ರಾಯ ಆದ ಹಾಗೆ. ಎಲ್ಲರಿಗೂ ಒಂದೇ ವೇಗದಲ್ಲಿ ಅಲ್ಲ, ಕೆಲವರಿಗೆ ಪಕ್ಕದ ನಾಳಗಳಿಂದ ರಕ್ತ ಚೆನ್ನಾಗಿ ಬರ್ತದೆ, ಅವರದ್ದು ನಿಧಾನ, ಇನ್ನು ಕೆಲವರದ್ದು ಬಹಳ ಬೇಗ ಮುಗಿದು ಹೋಗ್ತದೆ. ಯಾರದ್ದು ಯಾವ ವೇಗ ಅಂತ ಮನೆಯಲ್ಲಿ ಕೂತು ಹೇಳ್ಲಿಕ್ಕೆ ಯಾರಿಂದಲೂ ಸಾಧ್ಯ ಇಲ್ಲ.

ಈಗ ಚಿಕಿತ್ಸೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಉಂಟು, ಆಲ್ಟೆಪ್ಲೇಸ್ ಅಂತ, ಟಿಪಿಎ ಅಂತಲೂ ಹೇಳ್ತಾರೆ. 1995ರಲ್ಲಿ ಅಮೆರಿಕದ ಒಂದು ಟ್ರಯಲ್‌ನಲ್ಲಿ 624 ರೋಗಿಗಳ ಮೇಲೆ ನೋಡಿದ್ರು, ಸ್ಟ್ರೋಕ್ ಶುರುವಾಗಿ 3 ಗಂಟೆಯೊಳಗೆ ಕೊಟ್ಟವರಲ್ಲಿ, ಕೊಡದವರಿಗಿಂತ ಹೆಚ್ಚು ಜನ ಮೂರು ತಿಂಗಳಿಗೆ ಬಹುತೇಕ ಮೊದಲಿನಂತೆ ಆದ್ರು. 2008ರಲ್ಲಿ ಯುರೋಪಿನ ಟ್ರಯಲ್ ಬಂದು ಆ ಗಡಿ ನಾಲ್ಕೂವರೆ ಗಂಟೆಗೆ ಹೋಯ್ತು. ಅಲ್ಲಿಂದ ನಮ್ಮ ಜನರ ಬಾಯಲ್ಲೂ "ನಾಲ್ಕೂವರೆ ಗಂಟೆ ಟೈಮ್ ಉಂಟು" ಅಂತ ಶುರುವಾಯ್ತು.

ಇಲ್ಲಿ ಸ್ವಲ್ಪ ನಿಲ್ಲಿ. ನಾಲ್ಕೂವರೆ ಗಂಟೆ ಅಂದ್ರೆ ಅಷ್ಟು ಹೊತ್ತು ಕೈಯಲ್ಲಿ ಉಂಟು ಅಂತ ಅರ್ಥ ಅಲ್ಲ. 2014ರಲ್ಲಿ 9 ಟ್ರಯಲ್‌ಗಳ 6,756 ರೋಗಿಗಳ ಲೆಕ್ಕ ಒಟ್ಟು ಮಾಡಿ ನೋಡಿದ್ರು. 3 ಗಂಟೆಯೊಳಗೆ ಇಂಜೆಕ್ಷನ್ ಆದವರಲ್ಲಿ 100ಕ್ಕೆ ಸುಮಾರು 33 ಜನ ಬಹುತೇಕ ಪೂರ್ತಿ ಸರಿಯಾದ್ರು, ಇಂಜೆಕ್ಷನ್ ಇಲ್ಲದವರಲ್ಲಿ 23. ಮೂರರಿಂದ ನಾಲ್ಕೂವರೆ ಗಂಟೆ ಮಧ್ಯ ಕೊಟ್ಟವರಲ್ಲಿ 35, ಕೊಡದವರಲ್ಲಿ 30. ಅದಕ್ಕಿಂತ ತಡವಾಗಿ ಕೊಟ್ಟವರಲ್ಲಿ ವ್ಯತ್ಯಾಸ ಹೆಚ್ಚು ಕಮ್ಮಿ ಎರಡಕ್ಕೆ ಇಳಿತು. ಹತ್ತು, ಐದು, ಎರಡು. ಮದ್ದು ಅದೇ, ಮತ್ತೆ ಕಡಿಮೆ ಆದದ್ದು ಎಂತ ಅಂದ್ರೆ ಮದ್ದು ಹೋಗಿ ಉಳಿಸ್ಲಿಕ್ಕೆ ಇದ್ದ ಜಾಗ. ಎರಡನೇ ಗಂಟೆಯಲ್ಲಿ ಮುಟ್ಟಿದವರಿಗೂ ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ಮುಟ್ಟಿದವರಿಗೂ ಕಾಗದದಲ್ಲಿ "ಟೈಮ್ ಒಳಗೆ ಬಂದಿದ್ದಾರೆ" ಅಂತ ಒಂದೇ ಸಾಲು ಬರಿತಾರೆ, ಆದ್ರೆ ಆಮೇಲೆ ನನ್ನ ಎದುರು ನಿಲ್ಲುವ ಕಾಲು ಒಂದೇ ಅಲ್ಲ. ಆಸ್ಟ್ರೇಲಿಯಾ ಮತ್ತು ಫಿನ್‌ಲ್ಯಾಂಡ್ ರೋಗಿಗಳ ಮಾಹಿತಿ ಇಟ್ಟುಕೊಂಡು ಮಾಡಿದ ಇನ್ನೊಂದು ಲೆಕ್ಕ ಉಂಟು, ಇಂಜೆಕ್ಷನ್ ಒಂದು ನಿಮಿಷ ಬೇಗ ಆದ್ರೆ ಸರಾಸರಿ 1.8 ದಿನದ ಆರೋಗ್ಯದ ಬದುಕು ಹೆಚ್ಚು ಸಿಗ್ತದೆ ಅಂತ. ಚಾ ಕುಡಿದು ಹೊರಡುವ ಅಂದ್ರೆ ಎಷ್ಟು ದಿನ ಹೋಯ್ತು, ನೀವೇ ನೋಡಿ.

ನಮ್ಮ ಕೆಲಸದಲ್ಲಿ ಒಂದು ಅಳತೆ ಉಂಟು, ಮಾಡಿಫೈಡ್ ರ‍್ಯಾಂಕಿನ್ ಸ್ಕೇಲ್ ಅಂತ, 0ಯಿಂದ 6ರ ತನಕ. ಈ ಟ್ರಯಲ್‌ಗಳಲ್ಲೆಲ್ಲ "ಸರಿಯಾದ್ರು" ಅನ್ನುದು ಹೆಚ್ಚಾಗಿ ಇದರ ಮೇಲೆಯೇ. 0 ಅಂದ್ರೆ ಏನೂ ಉಳಿದಿಲ್ಲ, 1 ಅಂದ್ರೆ ಸಣ್ಣ ತೊಂದರೆ ಉಂಟು ಆದ್ರೆ ಮೊದಲು ಮಾಡ್ತಿದ್ದ ಎಲ್ಲ ಕೆಲಸ ಆಗ್ತದೆ. 2 ಅಂದ್ರೆ ಎಲ್ಲ ಕೆಲಸ ಆಗುದಿಲ್ಲ, ಆದ್ರೆ ತನ್ನದನ್ನು ತಾನು ನೋಡ್ಕೊಳ್ತಾರೆ. 3 ಅಂದ್ರೆ ಬೇರೆಯವರ ಸಹಾಯ ಸ್ವಲ್ಪ ಬೇಕು, ನಡಿಲಿಕ್ಕೆ ಮಾತ್ರ ಯಾರೂ ಹಿಡಿಬೇಕಂತ ಇಲ್ಲ. 4ಕ್ಕೆ ಬಂದ್ರೆ ಹಿಡಿಯದೆ ನಡಿಲಿಕ್ಕೆ ಆಗುದಿಲ್ಲ, ಬಚ್ಚಲಿಗೂ ಜನ ಬೇಕು. 5 ಹಾಸಿಗೆ. 6 ಅಂದ್ರೆ ತೀರಿಕೊಂಡ್ರು. ಕಾಗದದಲ್ಲಿ 3ಕ್ಕೂ 4ಕ್ಕೂ ಒಂದೇ ಅಂಕಿ ದೂರ. ಮನೆಯಲ್ಲಿ ಆ ಒಂದು ಅಂಕಿ ಅಂದ್ರೆ ಒಬ್ಬ ಮನುಷ್ಯ. ಮಣಿಪಾಲದಲ್ಲಿ ಕೆಲಸಕ್ಕೆ ಹೋಗ್ತಿದ್ದ ಸೊಸೆ ಕೆಲಸ ಬಿಡ್ತಾಳೆ, ಇಲ್ಲದಿದ್ರೆ ಎಪ್ಪತ್ತು ದಾಟಿದ ಹೆಂಡತಿ ತನಗಿಂತ ಭಾರದ ಗಂಡನನ್ನು ದಿನಕ್ಕೆ ಆರು ಸಲ ಎಬ್ಬಿಸಿ ಕೂರಿಸಿ ತನ್ನ ಸೊಂಟ ಕಳ್ಕೊಳ್ತಾರೆ. ಯಾವ ಟೇಬಲ್‌ನಲ್ಲೂ ಅವರ ಲೆಕ್ಕ ಬರುದಿಲ್ಲ.

ಶಂಕರಪುರದ ಬದಿಯ ಒಬ್ಬರು ಅಕ್ಕನ ವಿಷಯ ಹೇಳ್ತೇನೆ, ಗುರುತು ಸಿಗದ ಹಾಗೆ ಸ್ವಲ್ಪ ಬದಲಿಸಿದ್ದೇನೆ. ಅಲ್ಲಿ ಮಲ್ಲಿಗೆ ಇಲ್ಲದ ಮನೆ ಕಮ್ಮಿ, ಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆ ನಾರಿನಲ್ಲಿ ಕಟ್ಟಿ ಚೆಂಡು ಮಾಡಿ, ಹೂ ಮಾರುವ ಕಟ್ಟೆಗೆ ಕಳಿಸುವ ತನಕ ಯಾರಿಗೂ ಪುರುಸೊತ್ತಿಲ್ಲ. ಈ ಅಕ್ಕ ಕಟ್ಟುವಾಗ ಬಲಗೈಯಿಂದ ನಾರು ಜಾರ್ತಾ ಬಂತಂತೆ, ಒಂದು ಸಲ, ಎರಡು ಸಲ, ಕೈ ಜೋಮು ಹಿಡಿದಿರಬೇಕು ಅಂತ ಕೊಡವಿಕೊಂಡ್ರಂತೆ. ಪಕ್ಕದ ಮನೆಯ ನರ್ಸಿಂಗ್ ಓದುವ ಹುಡುಗಿ ರಜೆಯಲ್ಲಿ ಬಂದವಳು ಹೂ ಕೇಳ್ಲಿಕ್ಕೆ ಅಂತ ಬಂದದ್ದು, ಇವರ ಬಾಯಿ ಒಂದು ಬದಿ ಜಾರಿದ್ದು ನೋಡಿ, ಹೆಸರು ಹೇಳಿ ಅಂದ್ರೆ ಮಾತು ತೊದಲಿದ್ದು ಕೇಳಿ, ಅವಳು ಮೊದಲು ಮಾಡಿದ ಕೆಲಸ ಎಂತ ಗೊತ್ತುಂಟಾ, ಮೊಬೈಲಲ್ಲಿ ಟೈಮ್ ನೋಡಿ ಗಟ್ಟಿಯಾಗಿ ಹೇಳಿದ್ದು. ಆಮೇಲೆ ರಿಕ್ಷಾ ನಿಲ್ಲಿಸಿ ಸೀದಾ ದೊಡ್ಡ ಆಸ್ಪತ್ರೆ. ದಾರಿಯಲ್ಲಿ ಯಾವ ಕ್ಲಿನಿಕ್‌ಗೂ ಇಳಿಲಿಲ್ಲ, ಯಾರಿಗೂ ಕೇಳ್ಲಿಲ್ಲ, ರಿಕ್ಷಾದಿಂದಲೇ ಕ್ಯಾಶುವಾಲ್ಟಿಗೆ ಫೋನ್ ಮಾಡಿದ್ಲು. ಒಂದು ಗಂಟೆಯೊಳಗೆ ಸಿಟಿ ಆಗಿ ಇಂಜೆಕ್ಷನ್ ಆಯ್ತು. ನಾನು ಹೋಗುವಾಗ ಅವರಿಗೆ ಉಳಿದದ್ದು ಹೆಬ್ಬೆರಳು ತೋರುಬೆರಳಿನ ಹಿಡಿತ ಸ್ವಲ್ಪ ಸಡಿಲ, ಅಷ್ಟೇ. ನಾರು, ಗೋಲಿ, ಬಟ್ಟೆ ಕ್ಲಿಪ್ಪು, ಇದರಲ್ಲೇ ವ್ಯಾಯಾಮ ಮಾಡಿಸಿದೆ. ಈಗ ಅವರೇ ಕಟ್ತಾರೆ, ಮೊದಲಿನ ಸ್ಪೀಡ್ ಇಲ್ಲ ಅಂತ ಅವರಿಗೆ ಬೇಜಾರು, ನನಗೆ ಖುಷಿ.

ಇನ್ನು ಹೊತ್ತು ಹೋಗುದು ಎಲ್ಲೆಲ್ಲಿ ಅಂತ ಹೇಳ್ತೇನೆ, ಇದು ಮನೆ ಮನೆಯಲ್ಲಿ ಕೇಳಿ ಕೇಳಿ ಗೊತ್ತಾದದ್ದು.

ಮೊದಲನೇದು, ನೋವಿಲ್ಲ. ಎದೆನೋವು ಬಂದ್ರೆ ಮನುಷ್ಯ ಬೆವರಿ ಕೂಗ್ತಾನೆ, ಮನೆಯವರು ಓಡ್ತಾರೆ. ಸ್ಟ್ರೋಕ್‌ನಲ್ಲಿ ಹೆಚ್ಚಿನವರಿಗೆ ನೋವೇ ಇರುದಿಲ್ಲ, ಕೈ ಭಾರ, ಮಾತು ತೊದಲು, ಅದಕ್ಕೆ "ಸ್ವಲ್ಪ ಮಲಗಿ, ಸರಿ ಆಗ್ತದೆ" ಅಂತ ಮಲಗಿಸ್ತಾರೆ. ಅದರ ಮೇಲೆ ಮೆದುಳಿನ ಬಲಭಾಗಕ್ಕೆ ಹೊಡೆದ್ರೆ ಇನ್ನೊಂದು ಸಂಗತಿ ಆಗ್ತದೆ, ಎಡಗೈ ಎಡಗಾಲು ಬಿದ್ದು ಹೋದದ್ದು ರೋಗಿಗೇ ಗೊತ್ತಾಗುದಿಲ್ಲ. "ನಂಗೆ ಎಂತದೂ ಆಗ್ಲಿಲ್ಲ, ಸುಮ್ಮನೆ ಗಡಿಬಿಡಿ ಮಾಡ್ಬೇಡಿ" ಅಂತ ಅವರೇ ಬೈತಾರೆ. ಅದು ಹಠ ಅಲ್ಲ, ತನ್ನ ದೇಹದ ಆ ಬದಿಯ ಸುದ್ದಿ ತಿಳ್ಕೊಳ್ಳುವ ಜಾಗವೇ ಕೆಟ್ಟಿದೆ. ಮನೆಯ ಯಜಮಾನರೇ ಹಾಗೆ ಗದರಿದ್ರೆ ಮಕ್ಕಳು ಸುಮ್ಮನಾಗ್ತಾರೆ. ದಯವಿಟ್ಟು ಸುಮ್ಮನಾಗ್ಬೇಡಿ.

ಮತ್ತೆ ಪಿತ್ತ. ಮೆದುಳಿನ ಹಿಂಭಾಗಕ್ಕೆ ಹೋಗುವ ನಾಳ ಬ್ಲಾಕ್ ಆದ್ರೆ ಬಾಯಿ ಓರೆ ಆಗದೆಯೂ ಇರಬಹುದು. ಒಮ್ಮೆಲೇ ತಲೆ ತಿರುಗುದು, ವಾಂತಿ, ನಿಲ್ಲಿಸಿದ್ರೆ ಒಂದು ಬದಿಗೆ ವಾಲುದು, ಒಂದು ಎರಡಾಗಿ ಕಾಣುದು. ನಮ್ಮಲ್ಲಿ ಇದಕ್ಕೆಲ್ಲ ಪಿತ್ತ ಅಂತ ಹೆಸರಿಟ್ಟು ಲಿಂಬೆ ಶರ್ಬತ್ತು, ಜೀರಿಗೆ ಕಷಾಯ ಕೊಟ್ಟು ಒಂದು ರಾತ್ರಿ ಕಳಿತಾರೆ. ಪಿತ್ತ ಇರಬಹುದು, ಆದ್ರೆ ಮೊದಲು ಎಂದೂ ಇಲ್ಲದ್ದು ಒಮ್ಮೆಲೇ ಬಂದು ನಿಲ್ಲಿಕ್ಕೇ ಆಗದಿದ್ರೆ ಅದನ್ನು ಡಾಕ್ಟ್ರು ಹೇಳ್ಲಿ. ಮತ್ತೆ ಬಾಯಿಗೆ ಏನೂ ಹಾಕ್ಬೇಡಿ, ನೀರೂ ಬೇಡ, ಶುಗರ್ ಲೋ ಇರಬೇಕು ಅಂತ ಸಕ್ಕರೆ ನೀರೂ ಬೇಡ. ನುಂಗುವ ಶಕ್ತಿ ಹೋಗಿದ್ರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗ್ತದೆ, ಸ್ಟ್ರೋಕ್‌ನಿಂದ ಉಳಿದವರು ನ್ಯುಮೋನಿಯಾದಲ್ಲಿ ಹೋದದ್ದು ಉಂಟು. ಶುಗರ್ ನೋಡುವ ಮೆಷಿನ್ ಮನೆಯಲ್ಲಿ ಇದ್ರೆ ಗಾಡಿ ಬರುವಷ್ಟರಲ್ಲಿ ನೋಡಿ, ಶುಗರ್ ಬಹಳ ಇಳಿದ್ರೂ ಸ್ಟ್ರೋಕ್ ಹಾಗೇ ಕಾಣ್ತದೆ, ಆ ನಂಬರ್ ಡಾಕ್ಟ್ರಿಗೆ ಹೇಳಿ. ಅದಕ್ಕೋಸ್ಕರ ಕಾಯ್ಬೇಡಿ.

ಆಮೇಲೆ ಹತ್ತಿರದ ಕ್ಲಿನಿಕ್. ಇದರ ಬಗ್ಗೆ ನನಗೆ ನಿಜಕ್ಕೂ ಸಿಟ್ಟು ಉಂಟು. ಫ್ಯಾಮಿಲಿ ಡಾಕ್ಟ್ರ ಮೇಲೆ ವಿಶ್ವಾಸ ಇರುದು ಒಳ್ಳೆಯದೇ, ಆದ್ರೆ ಅವರಲ್ಲಿ ಸಿಟಿ ಮೆಷಿನ್ ಇಲ್ಲ. ಅಲ್ಲಿ ಟೋಕನ್ ತೆಗೊಂಡು ಕೂತು, ಬಿಪಿ ನೋಡಿ 200 ಉಂಟು ಅಂತ ನಾಲಿಗೆ ಅಡಿಗೆ ಮಾತ್ರೆ ಇಟ್ಟು, ಒಂದು ತಾಸು ನೋಡುವ ಅಂತ ಮಲಗಿಸಿದ ಕಥೆ ನಾನು ಬೇರೆ ಬೇರೆ ಮನೆಗಳಲ್ಲಿ ಕೇಳಿದ್ದೇನೆ. ಸ್ಟ್ರೋಕ್ ಆದಾಗ ಬಿಪಿ ಏರುದು ಸಾಮಾನ್ಯ, ಅದನ್ನು ದಡಕ್ಕನೆ ಇಳಿಸಿದ್ರೆ ಅಂಚಿನಲ್ಲಿ ಉಸಿರು ಹಿಡಿದು ನಿಂತ ಭಾಗಕ್ಕೆ ಬರ್ತಿದ್ದ ಸ್ವಲ್ಪ ರಕ್ತವೂ ನಿಲ್ತದೆ. ಇಂಜೆಕ್ಷನ್ ಕೊಡುವ ಮೊದಲು ಬಿಪಿ 185/110ರ ಕೆಳಗೆ ತರ್ಬೇಕು ಅಂತ ನಿಯಮ ಉಂಟು, ಹೌದು, ಆದ್ರೆ ಅದು ಆಸ್ಪತ್ರೆಯಲ್ಲಿ ಡ್ರಿಪ್ ಮೂಲಕ ಅಳೆದು ಅಳೆದು ಮಾಡುವ ಕೆಲಸ. ಆಸ್ಪಿರಿನ್ ಕೂಡ ಹಾಗೆ, ಎದೆನೋವಿಗೆ ಕೊಡ್ತಾರಲ್ಲ ಅಂತ ಮನೆಯಲ್ಲೇ ನುಂಗಿಸ್ಬೇಡಿ, ಬ್ಲಾಕ್ ಆದದ್ದಾ ಒಡೆದದ್ದಾ ಅಂತ ಹೊರಗಿಂದ ನೋಡಿ ಹೇಳ್ಲಿಕ್ಕೆ ಆಗುದಿಲ್ಲ, ಒಡೆದದ್ದಾದ್ರೆ ಅದು ವಿಷ. ಸಿಟಿ ಮಾಡ್ಲೇಬೇಕು.

ಹೃದಯದ ವಿಷಯದಲ್ಲಿ ನಮ್ಮ ಕರಾವಳಿ ಎಷ್ಟು ಮುಂದೆ ಹೋಗಿದೆ ನೋಡಿ. ಮಂಗಳೂರಿನ ಡಾ. ಪದ್ಮನಾಭ ಕಾಮತ್ ಅವರು ಹಳ್ಳಿಗಳ ಆರೋಗ್ಯ ಕೇಂದ್ರಕ್ಕೆ ಇಸಿಜಿ ಮೆಷಿನ್ ಮುಟ್ಟಿಸಿ, ವಾಟ್ಸಾಪ್‌ನಲ್ಲಿ ಇಸಿಜಿ ನೋಡಿ ಹೇಳುವ ವ್ಯವಸ್ಥೆ ಕಟ್ಟಿದ್ರು, ಎಷ್ಟೋ ಜೀವ ಉಳಿತು. ಸ್ಟ್ರೋಕ್‌ಗೆ ಅಷ್ಟು ಸುಲಭ ಇಲ್ಲ, ಸಿಟಿ ಮೆಷಿನ್ ಹೊತ್ತುಕೊಂಡು ಹಳ್ಳಿಗೆ ಹೋಗ್ಲಿಕ್ಕೆ ಆಗುದಿಲ್ಲ. ಅದಕ್ಕೇ ಮನುಷ್ಯರನ್ನೇ ಮೆಷಿನ್ ಹತ್ರ ಸೀದಾ ಕರ್ಕೊಂಡು ಹೋಗ್ಬೇಕು.

ನಾಟಿ ಮದ್ದಿನ ವಿಷಯ ಹೇಳದೆ ಇರ್ಲಿಕ್ಕೆ ಆಗುದಿಲ್ಲ. ಲಕ್ವ ಹೊಡೆದ್ರೆ ಇಂಥ ಊರಿಗೆ ಕರ್ಕೊಂಡು ಹೋಗಿ, ಎಣ್ಣೆ ಹಾಕಿ ತಿಕ್ಕಿಸಿ, ಮೂರು ದಿನ ಪಥ್ಯ ಮಾಡಿ ಅಂತ ಹೇಳುವ ಸಂಬಂಧಿಕರು ಪ್ರತಿ ಮನೆಯಲ್ಲೂ ಇದ್ದಾರೆ, ಅವರು ಕೆಟ್ಟದ್ದು ಬಯಸಿ ಹೇಳುದಲ್ಲ. ಎಣ್ಣೆ ಹಾಕ್ಲಿಕ್ಕೆ ನನ್ನ ತಕರಾರಿಲ್ಲ, ವಾರ ಕಳೆದ ಮೇಲೆ ಹಾಕಿ. ಆ ಮೊದಲ ಗಂಟೆಗಳು ಮಾತ್ರ ಅದಕ್ಕೆ ಕೊಡ್ಬೇಡಿ.

ಇನ್ನು ಎಲ್ಲಕ್ಕಿಂತ ಹೆಚ್ಚು ಹೊಟ್ಟೆ ಉರಿಯುದು ಆಸ್ಪತ್ರೆ ಬಾಗಿಲ ಒಳಗೆ ಬಂದ ಮೇಲೆ ಹೋಗುವ ಹೊತ್ತಿಗೆ. ಟೈಮಿಗೆ ಸರಿಯಾಗಿ ಬಂದಿದ್ದಾರೆ, ಸಿಟಿ ಆಗಿದೆ, ರಕ್ತಸ್ರಾವ ಇಲ್ಲ, ಡಾಕ್ಟ್ರು ಬಂದು ಇಂಜೆಕ್ಷನ್ ಕೊಡುವ, ಸೈನ್ ಮಾಡಿ ಅಂತಾರೆ. ಆಗ ಶುರು. "ಅಣ್ಣನಿಗೆ ಫೋನ್ ಮಾಡ್ತೇವೆ." ಅಣ್ಣ ದುಬೈಯಲ್ಲಿ ಡ್ಯೂಟಿಯಲ್ಲಿ, ಫೋನ್ ತೆಗಿಯುದಿಲ್ಲ. ಮುಂಬೈಯ ಮಾವ ತೆಗಿತಾರೆ, ಅವರಿಗೆ ಗೊತ್ತಿರುವ ಒಬ್ಬರು ಡಾಕ್ಟ್ರು, ಅವರ ನಂಬರ್ ಕೊಡ್ತಾರೆ. ಭಾವ ಹೇಳ್ತಾರೆ ರಕ್ತಸ್ರಾವ ಆಗಿ ಹೋದ್ರೆ ಯಾರು ಜವಾಬ್ದಾರಿ. ಹೊರಗೆ ನಿಂತವರೆಲ್ಲ ಒಬ್ಬರ ಮುಖ ಒಬ್ಬರು ನೋಡ್ತಾರೆ, ಸೈನ್ ಹಾಕುವ ಧೈರ್ಯ ಯಾರಿಗೂ ಇಲ್ಲ, ಒಳಗೆ ನಿಮಿಷಕ್ಕೆ 19 ಲಕ್ಷ ಹೋಗ್ತಾ ಉಂಟು. ನಾನು ಯಾರನ್ನೂ ದೂರುದಿಲ್ಲ, ಗಂಡು ಮಕ್ಕಳೆಲ್ಲ ಹೊರಗೆ ದುಡಿಯುವ ಊರು ನಮ್ಮದು, ಹಿರಿಯರನ್ನು ಕೇಳದೆ ಒಂದು ಗೋಡೆಗೆ ಬಣ್ಣವೂ ಬಳಿಯುದಿಲ್ಲ. ಅದಕ್ಕೇ ಈಗಲೇ, ಎಲ್ಲರೂ ಗಟ್ಟಿ ಇರುವಾಗಲೇ ಮಾತಾಡಿ ಇಡಿ, ಇಂಥದ್ದು ಆದ್ರೆ ಹತ್ತಿರ ಇದ್ದವರು ನಿರ್ಧಾರ ಮಾಡ್ಲಿ, ಆಮೇಲೆ ಯಾರೂ ಅವರನ್ನು ಕೇಳ್ಬಾರ್ದು ಅಂತ.

ರಕ್ತಸ್ರಾವದ ಭಯ ಸುಳ್ಳಲ್ಲ. 1995ರ ಆ ಟ್ರಯಲ್‌ನಲ್ಲೇ ಇಂಜೆಕ್ಷನ್ ಆದ 100 ಜನರಲ್ಲಿ ಸುಮಾರು 6 ಜನರಿಗೆ ಮೆದುಳಲ್ಲಿ ರಕ್ತಸ್ರಾವ ಆಗಿ ಸ್ಥಿತಿ ಕೆಟ್ಟಿತು, ಇಂಜೆಕ್ಷನ್ ಇಲ್ಲದವರಲ್ಲಿ ಅದು ಒಂದಕ್ಕಿಂತ ಕಮ್ಮಿ. ಅದೇ ಟ್ರಯಲ್‌ನಲ್ಲಿ ಮೂರು ತಿಂಗಳಿಗೆ ಸತ್ತವರು ಇಂಜೆಕ್ಷನ್ ಆದವರಲ್ಲಿ 100ಕ್ಕೆ 17, ಆಗದವರಲ್ಲಿ 21. ಅಂದ್ರೆ ರಕ್ತಸ್ರಾವ ಸೇರಿಸಿ ಲೆಕ್ಕ ಹಾಕಿದ್ರೂ ಸಾವು ಹೆಚ್ಚಾಗ್ಲಿಲ್ಲ, ನಡೆದುಕೊಂಡು ಮನೆಗೆ ಹೋದವರು ಹೆಚ್ಚಾದ್ರು. ಎಲ್ಲರಿಗೂ ಕೊಡ್ಲಿಕ್ಕೂ ಆಗುದಿಲ್ಲ, ಇತ್ತೀಚೆಗೆ ದೊಡ್ಡ ಆಪರೇಶನ್ ಆದವರು, ರಕ್ತ ತೆಳು ಮಾಡುವ ಕೆಲವು ಮಾತ್ರೆ ತಿನ್ನುವವರು, ಇಂಥವರನ್ನು ಡಾಕ್ಟ್ರೇ ಬೇಡ ಅಂತಾರೆ. ಅದಕ್ಕೇ ಮಾತ್ರೆಗಳ ಚೀಲ ಹಾಗೇ ಎತ್ತಿಕೊಂಡು ಹೋಗಿ ಅಂತ ನಾನು ಎಲ್ಲರಿಗೂ ಹೇಳುದು. ಈಗ ಟೆನೆಕ್ಟೆಪ್ಲೇಸ್ ಅಂತ ಇನ್ನೊಂದು ಇಂಜೆಕ್ಷನ್ ಬಂದಿದೆ, ಆಲ್ಟೆಪ್ಲೇಸ್ ಆದ್ರೆ ಸ್ವಲ್ಪ ಒಮ್ಮೆಲೇ ಕೊಟ್ಟು ಉಳಿದದ್ದನ್ನು ಒಂದು ಗಂಟೆ ಡ್ರಿಪ್ ಹಾಕ್ಬೇಕು, ಇದು ಒಂದೇ ಸಲಕ್ಕೆ ಮುಗಿತದೆ. 2022ರಲ್ಲಿ ಕೆನಡಾದ ದೊಡ್ಡ ಟ್ರಯಲ್‌ನಲ್ಲಿ ಹಳೆಯದ್ದಕ್ಕಿಂತ ಕಮ್ಮಿ ಇಲ್ಲ ಅಂತ ಗೊತ್ತಾಯ್ತು.

ಆಸ್ಪತ್ರೆಗಳೂ ಬೇಗ ಆಗ್ಬೇಕು, ಅದು ಆಗ್ತದೆ ಕೂಡ. ಫಿನ್‌ಲ್ಯಾಂಡ್‌ನ ಹೆಲ್ಸಿಂಕಿಯಲ್ಲಿ 1998ರಲ್ಲಿ ರೋಗಿ ಬಾಗಿಲಿಗೆ ಬಂದು ಇಂಜೆಕ್ಷನ್ ಆಗ್ಲಿಕ್ಕೆ 105 ನಿಮಿಷ ಹೋಗ್ತಿತ್ತು, 2011ಕ್ಕೆ ಅದು 20ಕ್ಕೆ ಇಳಿತು. ಹೊಸ ಮದ್ದು ಬಂದದ್ದಲ್ಲ. ಆಂಬುಲೆನ್ಸ್‌ನಿಂದ ಮೊದಲೇ ಫೋನ್, ರೋಗಿ ಬರುವ ಮೊದಲೇ ಹಳೆ ರೆಕಾರ್ಡ್ ತೆಗೆದು ಇಡುದು, ಸ್ಟ್ರೆಚರ್ ಸೀದಾ ಸಿಟಿ ರೂಮಿಗೆ, ಅಲ್ಲೇ ಟೇಬಲ್ ಮೇಲೆಯೇ ಇಂಜೆಕ್ಷನ್. ಶಂಕರಪುರದ ಆ ಹುಡುಗಿ ರಿಕ್ಷಾದಿಂದ ಫೋನ್ ಮಾಡಿದ್ದು ಅದೇ ಕೆಲಸ.

ದೊಡ್ಡ ನಾಳ ಬ್ಲಾಕ್ ಆಗಿದ್ರೆ ಇಂಜೆಕ್ಷನ್ ಮಾತ್ರ ಸಾಕಾಗುದಿಲ್ಲ, ತೊಡೆಯ ಅಥವಾ ಕೈಯ ನಾಳದಿಂದ ತಂತಿ ಏರಿಸಿ ಹೆಪ್ಪನ್ನೇ ಎಳೆದು ತೆಗಿತಾರೆ, ಥ್ರಾಂಬೆಕ್ಟಮಿ ಅಂತ. 2015ರಲ್ಲಿ ಒಂದರ ಹಿಂದೆ ಒಂದು ಐದು ಟ್ರಯಲ್ ಬಂದು ಇದನ್ನು ಗಟ್ಟಿ ಮಾಡಿದವು, ಐದನ್ನೂ ಒಟ್ಟು ಮಾಡಿ ನೋಡಿದ್ರೆ ಸ್ವತಂತ್ರವಾಗಿ ಬದುಕುವವರು 100ಕ್ಕೆ 26ರಿಂದ 46ಕ್ಕೆ ಏರಿದ್ರು. 2018ರಲ್ಲಿ ಡಾನ್ ಅನ್ನುವ ಟ್ರಯಲ್, 6ರಿಂದ 24 ಗಂಟೆ ಮಧ್ಯ ಬಂದವರಲ್ಲೂ ಕೆಲವರಿಗೆ ಇದು ಮಾಡಿದ್ರೆ 100ಕ್ಕೆ 13ರ ಜಾಗದಲ್ಲಿ 49 ಜನ ಸ್ವತಂತ್ರರಾದ್ರು. ಬಹಳ ದೊಡ್ಡ ವಿಷಯ ಇದು, ಸಂಶಯ ಇಲ್ಲ. ಆದ್ರೆ ಈ 24 ಗಂಟೆ ಅನ್ನುವ ಸಂಖ್ಯೆ ವಾಟ್ಸಾಪ್‌ನಲ್ಲಿ ಹೇಗೆ ತಿರುಗ್ತಾ ಉಂಟು ಅಂದ್ರೆ ಸ್ಟ್ರೋಕ್ ಆದವರಿಗೆಲ್ಲ ಒಂದು ದಿನ ಟೈಮ್ ಉಂಟು ಅಂತ. ಅಲ್ಲ. ಆ 24 ಗಂಟೆ ಇರುದು ಸ್ಕ್ಯಾನ್ ಮಾಡಿ ಇನ್ನೂ ಉಳಿಸ್ಲಿಕ್ಕೆ ಜಾಗ ಉಂಟು ಅಂತ ಕಂಡವರಿಗೆ ಮಾತ್ರ, ಅಂದ್ರೆ ನಿಧಾನವಾಗಿ ಕೆಡುತ್ತಿದ್ದವರಿಗೆ. ಬೇಗ ಕೆಡುವವರಿಗೆ ಮೂರನೇ ಗಂಟೆಗೇ ಮುಗಿದಿರ್ತದೆ. ತಡವಾಗಿ ಬಂದವರಿಗೆ ಬಾಗಿಲು ಪೂರ್ತಿ ಮುಚ್ಚಿಲ್ಲ ಅಂತ ಹೇಳ್ಲಿಕ್ಕೆ ಇರುವ ಸಂಖ್ಯೆಯನ್ನು ತಡ ಮಾಡ್ಲಿಕ್ಕೆ ಬಳಸ್ಬೇಡಿ. ಮತ್ತೆ ಈ ಕೆಲಸ ಎಲ್ಲ ಆಸ್ಪತ್ರೆಯಲ್ಲಿ ಆಗುದಿಲ್ಲ, ನಾಳದೊಳಗೆ ತಂತಿ ಏರಿಸುವ ಕ್ಯಾತ್‌ಲ್ಯಾಬ್ ಬೇಕು, ಅದು ಕಲಿತ ಡಾಕ್ಟ್ರು ಬೇಕು.

ಟೈಮ್ ಅಂದೆನಲ್ಲ, ಎಲ್ಲಿಂದ ಲೆಕ್ಕ? ಯಾವಾಗ ನೋಡಿದ್ರಿ ಅಲ್ಲಿಂದ ಅಲ್ಲ, ಕೊನೆಗೆ ಯಾವಾಗ ಸರಿ ಇದ್ರು ಅಲ್ಲಿಂದ. ರಾತ್ರಿ ಹತ್ತೂವರೆಗೆ ಮಲಗಿದವರು ಬೆಳಿಗ್ಗೆ ಆರಕ್ಕೆ ಏಳುವಾಗ ಕೈ ಎತ್ತುದಿಲ್ಲ ಅಂದ್ರೆ ಗಡಿಯಾರ ಶುರು ಹತ್ತೂವರೆಗೆ, ಅಂದ್ರೆ ನಾಲ್ಕೂವರೆ ಗಂಟೆ ದಾಟಿ ಆಯ್ತು. ಆದ್ರೆ ನಾಲ್ಕು ಗಂಟೆಗೆ ಅವರು ಎದ್ದು ಬಚ್ಚಲಿಗೆ ಹೋಗಿ ಬಂದದ್ದು, ಬರುವಾಗ ಹೆಂಡತಿ ಹತ್ರ ನೀರು ಕೇಳಿದ್ದು, ಮಾತು ಸ್ಪಷ್ಟ ಇದ್ದದ್ದು ಯಾರಿಗಾದ್ರೂ ನೆನಪಿದ್ರೆ ಗಡಿಯಾರ ನಾಲ್ಕಕ್ಕೆ ಬರ್ತದೆ, ಇಂಜೆಕ್ಷನ್ ಕೊಡ್ಲಿಕ್ಕೆ ಇನ್ನೂ ಹೊತ್ತು ಉಂಟು. ಆ ಒಂದು ನೆನಪಿನಿಂದ ಮನುಷ್ಯನ ಮುಂದಿನ ಬದುಕೇ ಬೇರೆ ಆಗಬಹುದು. ಆದ್ರೆ ಆಸ್ಪತ್ರೆಗೆ ಹೋದವರು ನಾಲ್ಕು ಜನ ಗಂಡಸರು, ರಾತ್ರಿ ನೀರು ಕೊಟ್ಟ ಹೆಂಡತಿ ಮನೆಯಲ್ಲಿ ಅಳ್ತಾ ಕೂತಿರ್ತಾರೆ, ಅವರ ಹತ್ರ ಯಾರೂ ಕೇಳುದೇ ಇಲ್ಲ. ಕೊನೆಗೆ ನೋಡಿದವರನ್ನು ಗಾಡಿಯಲ್ಲಿ ಕೂರಿಸಿ, ಬೇರೆಯವರು ರಿಕ್ಷಾದಲ್ಲಿ ಬರ್ಲಿ. ಯಾರೂ ನೋಡದಿದ್ರೂ ಹೋಗಿ, 2018ರ ಇನ್ನೊಂದು ಟ್ರಯಲ್ ಪ್ರಕಾರ ಎಂಆರ್‌ಐ ನೋಡಿ ಕೆಲವರಿಗೆ ಆಗಲೂ ಇಂಜೆಕ್ಷನ್ ಕೊಡಬಹುದು.

ಹತ್ತು ನಿಮಿಷ ಬಾಯಿ ಓರೆ ಆಗಿ ತನ್ನಿಂತಾನೇ ಸರಿ ಆದ್ರೆ? ಅದೇ ದಿನ ಹೋಗ್ಬೇಕು. ಅದಕ್ಕೆ ಟಿಐಎ ಅಂತಾರೆ, ಅದರ ಹಿಂದೆ ದೊಡ್ಡದು ಬರುವ ಅಪಾಯ ಮೊದಲ ಎರಡು ದಿನದಲ್ಲೇ ಹೆಚ್ಚು.

ಇಷ್ಟೆಲ್ಲ ಬೇಗ ಬೇಗ ಅಂತ ಹೇಳಿದ ನಾನು ಒಂದು ವಿಷಯದಲ್ಲಿ ಮಾತ್ರ ನಿಧಾನ ಅಂತೇನೆ, ಇದು ನನ್ನದೇ ಕೆಲಸದ್ದು. ಆಸ್ಪತ್ರೆಯಲ್ಲಿ ಮೊದಲ ದಿನವೇ ಎಬ್ಬಿಸಿ ನಡೆಸಿ ಅಂತ ಮನೆಯವರು ಒತ್ತಾಯ ಮಾಡ್ತಾರೆ, ಎಷ್ಟು ಬೇಗ ನಡೆಸಿದ್ರೆ ಅಷ್ಟು ಬೇಗ ಸರಿ ಆಗ್ತಾರೆ ಅಂತ. ನಮ್ಮಲ್ಲೂ ಹಾಗೇ ಅಂದುಕೊಂಡಿದ್ದವರು ಇದ್ರು. 2015ರಲ್ಲಿ ಅವರ್ಟ್ ಅಂತ 2,104 ರೋಗಿಗಳ ಟ್ರಯಲ್ ಬಂತು, ಮೊದಲ 24 ಗಂಟೆಯೊಳಗೆ ಎಬ್ಬಿಸಿ ಹೆಚ್ಚು ಹೆಚ್ಚು ಸಲ ಕೆಲಸ ಮಾಡಿಸಿದವರಲ್ಲಿ 46 ಪರ್ಸೆಂಟ್ ಚೆನ್ನಾಗಿ ಆದ್ರು, ಮಾಮೂಲಿ ರೀತಿಯಲ್ಲಿ ನೋಡಿಕೊಂಡವರಲ್ಲಿ 50. ಅಂದ್ರೆ ಅತಿಯಾಗಿ ಬೇಗ ಮಾಡಿದ್ದು ಕಮ್ಮಿ ಫಲ ಕೊಟ್ಟಿತು. ಹಾಗಾಗಿ ರಕ್ತನಾಳ ತೆರೆಯುವ ಕೆಲಸಕ್ಕೆ ನಿಮಿಷ ಲೆಕ್ಕ, ಮೊದಲ ದಿನ ಏಳಿಸುವ ಕೆಲಸಕ್ಕೆ ಸ್ವಲ್ಪ ಸ್ವಲ್ಪವೇ. ಆಮೇಲೆ ಬಿಡ್ಲಿಕ್ಕಿಲ್ಲ, ಮೊದಲ ಮೂರು ತಿಂಗಳು ಹೆಚ್ಚು ಚೇತರಿಕೆ ಆಗುವ ಕಾಲ, ಇಂಜೆಕ್ಷನ್ ಸಿಗದವರಿಗೂ ಆ ಮೂರು ತಿಂಗಳು ಉಂಟು, ಆಮೇಲೆಯೂ ಬರ್ತದೆ, ನಿಧಾನ ಆಗ್ತದೆ ಅಷ್ಟೇ. ತಡ ಆಯ್ತು ಅಂತ ಕೈಬಿಟ್ಟು ಮಲಗಿಸಿದ ಮನೆಗಳಲ್ಲಿ ನಾನು ಜಗಳ ಮಾಡಿಯಾದ್ರೂ ಎಬ್ಬಿಸ್ತೇನೆ.

ನನ್ನ ಒಂದು ಕೋರಿಕೆ. ನಿಮ್ಮ ಮನೆಯಿಂದ ಹತ್ತಿರದ ಎರಡು ದೊಡ್ಡ ಆಸ್ಪತ್ರೆಗೆ ಈ ವಾರ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ, ರಾತ್ರಿ ಎರಡು ಗಂಟೆಗೂ ಸಿಟಿ ಆಗ್ತದಾ, ಸ್ಟ್ರೋಕ್ ಇಂಜೆಕ್ಷನ್ ಯಾವ ಹೊತ್ತಿಗೂ ಕೊಡ್ತಾರಾ, ಹೆಪ್ಪು ಎಳೆದು ತೆಗೆಯುವವರು ಇದ್ದಾರಾ. ಹೌದು ಅಂದವರ ಕ್ಯಾಶುವಾಲ್ಟಿ ನಂಬರ್ ಮನೆಯ ಎಲ್ಲರ ಮೊಬೈಲ್‌ಗೂ ಹಾಕಿ, ದುಬೈಯವರ ಮೊಬೈಲ್‌ಗೂ. ಆಂಬುಲೆನ್ಸ್‌ಗೆ 108, ಅದು ಬರ್ಲಿಕ್ಕೆ ತಡ ಅಂತ ಕಂಡ್ರೆ ಪಕ್ಕದ ಮನೆಯ ಕಾರು, ರಿಕ್ಷಾ, ಸಿಕ್ಕಿದ್ದು. ಸಂಜೆ ಹೊತ್ತಾದ್ರೆ ಮಂಗಳೂರಿನ ನಂತೂರು ಸರ್ಕಲ್‌ನ ಟ್ರಾಫಿಕ್ ದಾಟುವ ಲೆಕ್ಕವನ್ನೂ ಸೇರಿಸಿ ಯಾವ ಆಸ್ಪತ್ರೆ ಅಂತ ಈಗಲೇ ಯೋಚಿಸಿ ಇಡಿ. ಮೂರು ಪ್ರಶ್ನೆಗೆ ನಿಮಗೆ ಸಿಕ್ಕಿದ ಉತ್ತರ ಕೆಳಗೆ ಬರೆದ್ರೆ ಹೆಬ್ರಿ, ಕಾರ್ಕಳ, ಬೈಂದೂರು ಕಡೆಯವರಿಗೂ ಉಪಯೋಗಕ್ಕೆ ಬರ್ತದೆ.